ಚಳಿಗಾಲ ಮುಗಿಯುವ ಮೊದಲೇ ಮೇವು ಮುಗಿದರೆ? ಪೋನಿ (ಗಿಡ್ಡ ತಳಿಯ ಕುದುರೆ) ಸಾಕುವವರಿಗೆ ದೋಷ ನಿವಾರಣೆ ಕೈಪಿಡಿ

ಚಳಿಗಾಲದ ಮೇವಿನ ತಾಪತ್ರಯಗಳು ನೋಡಲು ಬೇರೆ ಬೇರೆ. ಒಬ್ಬರಿಗೆ ಒಣಹುಲ್ಲು ಬೇಗ ಖಾಲಿ, ಇನ್ನೊಬ್ಬರ ಪೋನಿ ಸೊರಗಿದೆ, ಮತ್ತೊಬ್ಬರದ್ದು ಉಬ್ಬಿದೆ. ಬೇರು ಮಾತ್ರ ಹೆಚ್ಚಾಗಿ ಒಂದೇ. ಮೇವನ್ನು ಬೇಲ್ (ಯಂತ್ರದಲ್ಲಿ ಬಿಗಿದು ಕಟ್ಟಿದ ಹುಲ್ಲಿನ ಕಟ್ಟು) ಲೆಕ್ಕದಲ್ಲಿ ಕೊಳ್ಳುತ್ತೇವೆ, ಕಣ್ಣಂದಾಜಿನಲ್ಲಿ ಹಾಕುತ್ತೇವೆ. ಪೋನಿಯ ಹೊಟ್ಟೆಗೆ ಬೇಲ್ ಲೆಕ್ಕ ಗೊತ್ತಿಲ್ಲ, ಅದಕ್ಕೆ ಕೆಜಿ ಲೆಕ್ಕ ಅಷ್ಟೇ. ಹಾಗಾಗಿ ಕೆಳಗಿನ ಯಾವ ಲಕ್ಷಣ ಕಂಡರೂ ಮೊದಲು ಕೈಗೆ ತೆಗೆದುಕೊಳ್ಳಬೇಕಾದ್ದು ತಕ್ಕಡಿ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಕೊಕ್ಕೆಗೆ ನೇತುಹಾಕಿ ತೂಗುವ ತಕ್ಕಡಿ, ಅಳತೆ ಟೇಪು, ಟಾರ್ಚು, ಒಂದು ನೋಟ್‌ಬುಕ್. ಹೊಸ ಹುಲ್ಲು ತುಂಬಿಸಿದ್ದರೆ ಉದ್ದ ಕಡ್ಡಿಯ ಥರ್ಮಾಮೀಟರ್ ಕೂಡ ಇರಲಿ.

ಇವು ಕಂಡರೆ ಓದುವುದನ್ನು ಬಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ

- ನಿನ್ನೆವರೆಗೆ ತಿನ್ನುತ್ತಿದ್ದ ಪೋನಿ ಇದ್ದಕ್ಕಿದ್ದಂತೆ ಮೇವು ಮುಟ್ಟುತ್ತಿಲ್ಲ, ಮಂಕಾಗಿ ನಿಂತಿದೆ. ದಪ್ಪಗಿರುವ ಪೋನಿ, ಗಬ್ಬದ ಹೆಣ್ಣು, ಮರಿಗೆ ಹಾಲೂಡಿಸುವ ಹೆಣ್ಣು ಇವುಗಳಲ್ಲಿ ಇದು ತುಂಬಾ ಅಪಾಯ. ಹೊಟ್ಟೆ ಖಾಲಿಯಾದಾಗ ಮೈಯ ಕೊಬ್ಬು ಒಮ್ಮೆಲೇ ಕರಗಿ ರಕ್ತಕ್ಕೆ ಇಳಿಯುತ್ತದೆ, ಯಕೃತ್ತು (ಲಿವರ್) ತಡೆಯಲಾರದು. ಇದಕ್ಕೆ ಹೈಪರ್‌ಲಿಪೀಮಿಯಾ ಅಂತ ಹೆಸರು. ನಾಳೆ ನೋಡೋಣ ಅನ್ನುವ ಕಾಯಿಲೆ ಅಲ್ಲ.
- ನೆಲ ಕೆರೆಯುತ್ತದೆ, ಪಕ್ಕೆಯನ್ನು ತಿರುಗಿ ತಿರುಗಿ ನೋಡುತ್ತದೆ, ಹೊರಳಾಡುತ್ತದೆ, ಬೆವರುತ್ತದೆ, ಲದ್ದಿ ಹಾಕಿಲ್ಲ. ಇದು ಹೊಟ್ಟೆನೋವು, ಅಂದರೆ ಕಾಲಿಕ್.
- ಹೆಜ್ಜೆ ಇಡಲು ಹಿಂಜರಿಯುತ್ತದೆ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುತ್ತದೆ, ಗೊರಸು ಬಿಸಿಯಾಗಿದೆ. ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಉರಿಯೂತ ಇರಬಹುದು.
- ಮೂಗಿನ ಹೊಳ್ಳೆಯಿಂದ ಮೇವು, ಜೊಲ್ಲು ಬರುತ್ತಿದೆ. ಗಂಟಲಲ್ಲಿ ಸಿಕ್ಕಿಕೊಂಡಿದೆ. ಮೇವು, ನೀರು ಎರಡನ್ನೂ ತೆಗೆದುಬಿಡಿ.
- ನುಂಗಲು ಆಗುತ್ತಿಲ್ಲ, ನಾಲಿಗೆ ಸಡಿಲವಾಗಿದೆ, ಮೈ ನಡುಗುತ್ತಾ ಕುಸಿಯುತ್ತಿದೆ. ಹೇಲೇಜ್ (ಅರೆ ಒಣಗಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಹುಲ್ಲು) ತಿನ್ನಿಸುತ್ತಿದ್ದರೆ ಬಾಟುಲಿಸಂ (ಬ್ಯಾಕ್ಟೀರಿಯಾ ವಿಷದಿಂದ ಸ್ನಾಯು ಸೋಲುವ ಕಾಯಿಲೆ) ಅನುಮಾನ ಬರಬೇಕು. ಹೇಲೇಜ್ ನಿಲ್ಲಿಸಿ, ಆದರೆ ಆ ಬೇಲನ್ನು ಎಸೆಯಬೇಡಿ. ಡಾಕ್ಟರು ಕೇಳಬಹುದು.

ಇವು ಯಾವುವೂ ಇಲ್ಲ ಅಂದರೆ ಮುಂದೆ ಹೋಗೋಣ.

ಲಕ್ಷಣ: ಅಂದುಕೊಂಡದ್ದಕ್ಕಿಂತ ಬೇಗ ಹುಲ್ಲು ಕರಗುತ್ತಿದೆ

ಕಳ್ಳತನ ಆಗಿರಬಹುದು ಅಂತ ಅನುಮಾನ ಪಡುವ ಮೊದಲು ಐದು ಬೇಲ್ ಎತ್ತಿ ತೂಗಿ. ಸಣ್ಣ ಬೇಲ್ ಒಂದಕ್ಕೆ 20 ಕೆಜಿ ಅಂತ ಲೆಕ್ಕ ಹಾಕಿರುತ್ತೇವೆ. ತೂಗಿದರೆ 16 ಬರಬಹುದು, 14 ಕೂಡ ಬರಬಹುದು. ಯಂತ್ರ ಎಷ್ಟು ಬಿಗಿಯಾಗಿ ಕಟ್ಟಿತು, ಹುಲ್ಲು ಎಷ್ಟು ಒಣಗಿತ್ತು ಅನ್ನುವುದರ ಮೇಲೆ ತೂಕ ನಿಂತಿದೆ. ಕಟ್ಟಿದ ದಿನ ಸ್ವಲ್ಪ ಹಸಿಯಿದ್ದ ಬೇಲ್ ಗೋದಾಮಿನಲ್ಲಿ ಒಣಗುತ್ತಾ ಇನ್ನಷ್ಟು ಹಗುರಾಗುತ್ತದೆ.

ಇನ್ನು ಪೋನಿಯ ತೂಕ. ತೂಗುವ ಯಂತ್ರ ಸಿಗದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ತುದಿಯಿಂದ ಹಿಂಭಾಗದ ಮೂಳೆಯ ತುದಿವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ ಇರಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಕೆಜಿ ತೂಕ ಬರುತ್ತದೆ. ಸುತ್ತಳತೆ 150, ಉದ್ದ 125 ಇದ್ದರೆ ಸುಮಾರು 237 ಕೆಜಿ. ಇದು ಅಂದಾಜೇ. ಆದರೆ ಪ್ರತಿ ಹದಿನೈದು ದಿನಕ್ಕೆ ಒಬ್ಬರೇ, ಒಂದೇ ರೀತಿ ಅಳೆದರೆ ಏರಿತೋ ಇಳಿಯಿತೋ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ನಮಗೆ ಬೇಕಾದ್ದೂ ಅದೇ ಅಲ್ವಾ.

ಈಗ ಪೂರ್ತಿ ಲೆಕ್ಕ ಮಾಡೋಣ. ಮೈಕಟ್ಟು ಸರಿಯಿರುವ ಪೋನಿಗೆ ದಿನಕ್ಕೆ ಮೈತೂಕದ ಶೇ 2ರಷ್ಟು ಮೇವು ಬೇಕು ಅಂತ ಇಟ್ಟುಕೊಳ್ಳಿ. ಇದು ನೀರಿನಂಶ ಕಳೆದ ಒಣ ತೂಕ, ಇಲ್ಲೇ ಬಹಳ ಜನ ಎಡವುತ್ತಾರೆ. 250 ಕೆಜಿಯ ಪೋನಿಗೆ 5 ಕೆಜಿ ಒಣ ಅಂಶ ಬೇಕು. ಒಣಹುಲ್ಲಿನಲ್ಲೂ ಶೇ 15ರಷ್ಟು ನೀರಿರುತ್ತದೆ, ಹಾಗಾಗಿ 5.9 ಕೆಜಿ ಹುಲ್ಲು ಹಾಕಬೇಕು. ತುಳಿದು, ಚೆಲ್ಲಿ ಹಾಳಾಗುವುದು ಶೇ 10 ಅಂತ ಸೇರಿಸಿದರೆ ದಿನಕ್ಕೆ 6.5 ಕೆಜಿ. 150 ದಿನದ ಚಳಿಗಾಲಕ್ಕೆ 980 ಕೆಜಿ ದಾಟುವುದಿಲ್ಲ. ಬೇಲ್ 20 ಕೆಜಿ ಇದ್ದರೆ 49 ಬೇಲ್ ಸಾಕು. 16 ಕೆಜಿ ಇದ್ದರೆ 61 ಬೇಕು. ಒಂದೇ ಪೋನಿಗೆ ಹನ್ನೆರಡು ಬೇಲ್ ವ್ಯತ್ಯಾಸ! ಹುಲ್ಲು ಮಾಯವಾಗುವುದು ಇಲ್ಲೇ. ಕೊಳ್ಳುವಾಗ ಇದರ ಮೇಲೆ ಶೇ 15 ಹೆಚ್ಚುವರಿ ಸೇರಿಸಿ. ವಸಂತದ ಹುಲ್ಲು ಕ್ಯಾಲೆಂಡರ್ ನೋಡಿ ಚಿಗುರುವುದಿಲ್ಲ.

ಹೇಲೇಜ್ ಹಾಕುವವರ ಲೆಕ್ಕ ಬೇರೆ. ಅದರಲ್ಲಿ ನೀರು ಜಾಸ್ತಿ. ಒಣ ಅಂಶ ಶೇ 60 ಇರುವ ಹೇಲೇಜ್ ಆದರೆ ಅದೇ 5 ಕೆಜಿಗೆ 8.3 ಕೆಜಿ ತೂಗಬೇಕು. ಒಣಹುಲ್ಲಿನ ತೂಕದಷ್ಟೇ ಹೇಲೇಜ್ ಹಾಕಿದರೆ ಪೋನಿ ಅರೆಹೊಟ್ಟೆಯಲ್ಲಿ ಇರುತ್ತದೆ. ದೊಡ್ಡ ಹೇಲೇಜ್ ಬೇಲಿನ ತೂಕ ನೋಡಿ ಮೋಸ ಹೋಗುವುದೂ ಹೀಗೆ, ಕಾಸು ಕೊಟ್ಟು ತಂದದ್ದರಲ್ಲಿ ನೀರಿನ ಪಾಲು ದೊಡ್ಡದು.

ತೂಕ ಸರಿ ಬಂತು, ಆದರೂ ಕರಗುತ್ತಿದೆ ಅಂದರೆ ಕಾಲಡಿ ನೋಡಿ. ಬೆಳಿಗ್ಗೆ ಹಾಕಿದ್ದನ್ನು ತೂಗಿ, ಮರುದಿನ ಉಳಿದದ್ದು, ತುಳಿದದ್ದು ಎಲ್ಲ ಗುಡಿಸಿ ತೂಗಿ. ಮೂರು ದಿನ ಹೀಗೆ ಮಾಡಿದರೆ ನಿಮ್ಮ ಮನೆಯ ನಷ್ಟದ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ. ದೊಡ್ಡ ದುಂಡು ಬೇಲನ್ನು ಸುಮ್ನೆ ಬಯಲಲ್ಲಿ ಉರುಳಿಸಿಬಿಡುವವರು ಇದನ್ನು ತಪ್ಪದೆ ಮಾಡಬೇಕು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಫೀಡರ್ (ಬೇಲ್ ಇಟ್ಟು ತಿನ್ನಿಸುವ ಚೌಕಟ್ಟು) ಇಲ್ಲದೆ ಇಟ್ಟ ದುಂಡು ಬೇಲಿನಲ್ಲಿ ಶೇ 57 ಹಾಳಾಯಿತು. ಫೀಡರ್ ಇಟ್ಟಾಗ ಅದರ ವಿನ್ಯಾಸ ನೋಡಿಕೊಂಡು ನಷ್ಟ ಶೇ 5ರಿಂದ 33ರವರೆಗೆ ಇತ್ತು. ಅರ್ಧ ಹುಲ್ಲು ಕಾಲಡಿಗೆ ಹೋಗುತ್ತಿದ್ದರೆ ಇನ್ನೊಂದು ಲೋಡು ತರಿಸುವುದಕ್ಕಿಂತ ಒಂದು ಫೀಡರ್ ತರುವುದು ಅಗ್ಗ.

ಬಲೆಚೀಲದಲ್ಲಿ ಹಾಕಿದರೂ ನಷ್ಟ ತಗ್ಗುತ್ತದೆ. ಖಾಲಿಯಾದ ಬಲೆ ಜೋತುಬಿದ್ದು ಕಾಲಿಗೆ ಸಿಕ್ಕದಷ್ಟು ಎತ್ತರಕ್ಕೆ ಕಟ್ಟಿ. ಲಾಳ ಹೊಡೆಸಿದ ಪೋನಿ ಇದ್ದಲ್ಲಿ ನೆಲದ ಮೇಲೆ ಬಲೆ ಬೇಡವೇ ಬೇಡ.

ಕೊನೆಗೆ ದಾಸ್ತಾನು ಇಟ್ಟ ಜಾಗ. ಬೇಲ್ ನೇರ ನೆಲಕ್ಕೆ ತಾಗಿದ್ದರೆ ತಳದ ಸಾಲು ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಕೆಳಗೆ ಮರದ ಪ್ಯಾಲೆಟ್ ಇರಬೇಕು. ಹೊರಗೆ ಇಟ್ಟ ದುಂಡು ಬೇಲಿನ ಸಿಪ್ಪೆ ಕೊಳೆತರೆ ಬಿಡು, ಸ್ವಲ್ಪ ತಾನೇ ಅನ್ನಿಸುತ್ತದೆ. ಒಂದೂವರೆ ಮೀಟರ್ ಅಗಲದ ಬೇಲಿನಲ್ಲಿ ಹೊರಗಿನ 15 ಸೆಂಟಿಮೀಟರ್ ಅಂದರೆ ಬೇಲಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ. ದುಂಡು ಆಕಾರದ ಗಣಿತವೇ ಹಾಗೆ. ಟಾರ್ಪಾಲು ಹೊದಿಸುವಾಗ ಬದಿಗಳಲ್ಲಿ ಗಾಳಿ ಆಡಲು ಬಿಡಿ. ಪೂರ್ತಿ ಮುಚ್ಚಿದರೆ ಒಳಗಡೆ ಬೆವರುತ್ತದೆ.

ಲಕ್ಷಣ: ತಿನ್ನುತ್ತದೆ, ಆದರೆ ಮೈಗೆ ಹತ್ತುತ್ತಿಲ್ಲ

ಚಳಿಗಾಲದ ದಟ್ಟ ಕೂದಲು ದೊಡ್ಡ ಸುಳ್ಳುಗಾರ. ಕಣ್ಣಿಗೆ ದುಂಡಗೆ ಕಾಣುವ ಪೋನಿಯ ಕೂದಲೊಳಗೆ ಕೈ ಹಾಕಿದರೆ ಬರೀ ಪಕ್ಕೆಲುಬು ಸಿಗಬಹುದು. ಕೈಯಿಂದಲೇ ನೋಡಬೇಕು. ಮುಷ್ಟಿ ಬಿಗಿದು ಬೆರಳ ಗಿಣ್ಣುಗಳನ್ನು ಸವರಿಕೊಳ್ಳಿ. ಪಕ್ಕೆಲುಬು ಹಾಗೆ ಸಿಕ್ಕಿದರೆ ಪೋನಿ ತೀರಾ ಬಡಕಲು. ಕೈ ಚಾಚಿ ಅಂಗೈ ಹಿಂಭಾಗ ಸವರಿದ ಹಾಗಿದ್ದರೆ ಸರಿ. ಹೆಬ್ಬೆರಳ ಬುಡದ ಮಾಂಸದ ಹಾಗೆ ಮೆತ್ತಗಿದ್ದು ಎಲುಬೇ ಸಿಗದಿದ್ದರೆ ದಪ್ಪ. ಅಂಕ ಬರೆದಿಡುವ ಆಸೆ ಇದ್ದವರಿಗೆ 1983ರಲ್ಲಿ ಡಾನ್ ಹೆನ್ನೆಕೆ ಮತ್ತು ಸಂಗಡಿಗರು ಪ್ರಕಟಿಸಿದ 1ರಿಂದ 9ರ ಪದ್ಧತಿ ಇದೆ. ಅದರಲ್ಲಿ 5ರ ಆಸುಪಾಸು ಇದ್ದರೆ ಚೆನ್ನ.

ಬಡಕಲು ಅಂತ ಖಾತ್ರಿಯಾದರೆ ದಿನಕ್ಕೆ ನಿಜವಾಗಿ ಎಷ್ಟು ಕೆಜಿ ಬೀಳುತ್ತಿದೆ ಅಂತ ನೋಡಿ. ಎರಡು ಮೂರು ಪೋನಿ ಜೊತೆಗಿದ್ದರೆ ಅರ್ಧ ಗಂಟೆ ದೂರ ನಿಂತು ಗಮನಿಸಿ. ಜೋರಿನದು ಎಲ್ಲವನ್ನೂ ಓಡಿಸುತ್ತಿರುತ್ತದೆ, ಮೆತ್ತಗಿನದು ಮೂಲೆಯಲ್ಲಿ ಕಾಯುತ್ತಿರುತ್ತದೆ. ಪೋನಿಗಳ ಸಂಖ್ಯೆಗಿಂತ ಒಂದೆರಡು ಗುಡ್ಡೆ ಜಾಸ್ತಿ ಮಾಡಿ, ದೂರ ದೂರ ಹಾಕಿ. ಎಷ್ಟೋ ಸಲ ರೋಗವೇ ಇಷ್ಟು.

ಆಮೇಲೆ ಗೋದಲಿಯ ಸುತ್ತ ನೋಡಿ. ಅರ್ಧ ಅಗಿದು ಉಂಡೆಯಾಗಿ ಉಗಿದ ಹುಲ್ಲು ಬಿದ್ದಿದೆಯಾ? ಲದ್ದಿಯಲ್ಲಿ ಉದ್ದುದ್ದ ಎಳೆಗಳಿವೆಯಾ? ಹಾಗಿದ್ದರೆ ದೋಷ ಮೇವಿನದ್ದಲ್ಲ, ಹಲ್ಲಿನದ್ದು. ವಯಸ್ಸಾದ ಪೋನಿಗಳಲ್ಲಿ ಇದು ಮಾಮೂಲಿ. ಹಲ್ಲು ನೋಡುವವರನ್ನು ಕರೆಸಿ. ನೀವೇ ಬಾಯೊಳಗೆ ಬೆರಳು ಹಾಕಬೇಡಿ, ಹಿಂದಿನ ದವಡೆ ಬೆರಳನ್ನು ತುಂಡರಿಸಬಲ್ಲದು.

ಹಲ್ಲೂ ಸರಿ, ಪಾಲೂ ಸರಿ ಅಂದರೆ ಚಳಿಯ ಲೆಕ್ಕ. ಚಳಿಗೆ ಹೊಂದಿಕೊಂಡ, ಕೂದಲು ತುಂಬಿದ ಪೋನಿಗೆ ಒಣ ಚಳಿ ಅಷ್ಟಾಗಿ ಕಾಡುವುದಿಲ್ಲ. ಮಳೆಯಲ್ಲಿ ನೆನೆದು ಗಾಳಿ ಬೀಸಿದರೆ ಮಾತು ಬೇರೆ. ಒದ್ದೆ ಕೂದಲು ಚಪ್ಪಟೆಯಾಗಿ ಶಾಖ ಹಿಡಿದಿಡುವುದಿಲ್ಲ. ಆಗ ಕೈ ಕಾಳಿನ ಚೀಲಕ್ಕೆ ಹೋಗುತ್ತದೆ, ಹೋಗಬಾರದು. ನಾರು ದೊಡ್ಡ ಕರುಳಿನಲ್ಲಿ ಹುಳಿಯುವಾಗ ಮೈಗೆ ಶಾಖ ಸಿಗುತ್ತದೆ. ಚಳಿಗೆ ಮೊದಲ ಮದ್ದು ಇನ್ನೊಂದಿಷ್ಟು ಒಣಹುಲ್ಲು, ಜೊತೆಗೆ ಗಾಳಿ ಮರೆ.

ಹುಲ್ಲಿನ ಗುಣವನ್ನೂ ಅನುಮಾನಿಸಬೇಕು. ತಡವಾಗಿ ಕೊಯ್ದ, ಕಾಳು ಕಟ್ಟಿದ ಹುಲ್ಲು ಬರೀ ಕಡ್ಡಿ. ಹೊಟ್ಟೆ ತುಂಬುತ್ತದೆ, ಸತ್ವ ಕಡಿಮೆ. ಹಳೆಯ ಹುಲ್ಲಿನಲ್ಲಿ ವಿಟಮಿನ್ ಎ ಮತ್ತು ಇ ಅಂಶ ಇಳಿದಿರುತ್ತದೆ. ಇದು ಕಣ್ಣಿಗೆ ಕಾಣುವ ವಿಷಯವಲ್ಲ. ಹಲವು ಬೇಲ್‌ಗಳಿಂದ ಒಂದೊಂದು ಹಿಡಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಸಕ್ಕರೆ, ಪ್ರೋಟೀನ್, ಖನಿಜ ಎಲ್ಲ ತಿಳಿಯುತ್ತದೆ. ಇಡೀ ಚಳಿಗಾಲಕ್ಕೆ ಒಂದೇ ಲೋಡು ಕೊಳ್ಳುವವರು ಈ ಖರ್ಚಿಗೆ ಹಿಂದೆಮುಂದೆ ನೋಡಬಾರದು ಅಂತ ನನ್ನ ಅಭಿಪ್ರಾಯ.

ಎಲ್ಲಿ ನಿಲ್ಲಿಸಬೇಕು? ಎರಡು ಮೂರು ವಾರ ಸರಿಯಾಗಿ ತೂಗಿ ಹಾಕಿದರೂ ಟೇಪಿನ ಅಳತೆ ಇಳಿಯುತ್ತಲೇ ಇದ್ದರೆ ಡಾಕ್ಟರನ್ನು ಕರೆಸಿ. ಜಂತುಹುಳದ ಮಾತು ಅವರ ಜೊತೆಯೇ ಆಗಲಿ. ಕೆಲವು ಸಣ್ಣ ಹುಳಗಳ ಮರಿಗಳು ಚಳಿಗಾಲದಲ್ಲಿ ಕರುಳಿನ ಗೋಡೆಯೊಳಗೆ ಅಡಗಿರುತ್ತವೆ. ಲದ್ದಿಯಲ್ಲಿ ಮೊಟ್ಟೆ ಎಣಿಸುವ ಪರೀಕ್ಷೆಗೆ ಅವು ಸಿಗುವುದಿಲ್ಲ. ಯಾವ ಔಷಧ, ಯಾವಾಗ ಅನ್ನುವುದು ಊಹೆಯ ಕೆಲಸ ಅಲ್ಲ.

ಲಕ್ಷಣ: ಚಳಿಗಾಲದಲ್ಲೂ ದಪ್ಪ ಆಗುತ್ತಿದೆ

ಪೋನಿಗಳ ಜಾಯಮಾನವೇ ಇದು. ಕಡಿಮೆ ತಿಂದು ಜಾಸ್ತಿ ಕೂಡಿಡುತ್ತವೆ. ಪಕ್ಕೆಲುಬು ಸಿಗದೆ, ಕುತ್ತಿಗೆಯ ಮೇಲಿನ ಏಣು ಗಟ್ಟಿಯಾಗಿ ಎದ್ದು, ಬಾಲದ ಬುಡದಲ್ಲಿ ಮೆತ್ತನೆ ಗುಬ್ಬು ಕಟ್ಟಿದ್ದರೆ ಮೇವು ಹೆಚ್ಚಾಗಿದೆ, ಇಲ್ಲವೇ ಮೇವಿನಲ್ಲಿ ಸಕ್ಕರೆ ಹೆಚ್ಚಾಗಿದೆ. ಬೇಸಿಗೆಯ ಕೊಬ್ಬು ಚಳಿಗಾಲದಲ್ಲಿ ಸ್ವಲ್ಪ ಕರಗುವುದು ಪ್ರಕೃತಿಯ ಲೆಕ್ಕ. ಅದನ್ನು ತಡೆಯಬೇಕಾಗಿಲ್ಲ.

ಮೊದಲು ಕಾಳು, ಬೆಲ್ಲದ ಅಂಶ ಇರುವ ಫೀಡು, ತಿಂಡಿ ತೀರ್ಥ ಎಲ್ಲ ನಿಲ್ಲಿಸಿ. ಮಕ್ಕಳು ಅಕ್ಕರೆಯಿಂದ ಕೊಡುವ ಕ್ಯಾರೆಟ್ಟು ಕೂಡ ಲೆಕ್ಕಕ್ಕೆ ಬರುತ್ತದೆ. ಹೊದಿಕೆ ಹಾಕಿದ್ದರೆ ತೆಗೆದು ನೋಡಿ, ಪೋನಿ ತನ್ನ ಮೈ ತಾನೇ ಕಾಯಿಸಿಕೊಳ್ಳಲಿ. ಆಮೇಲೆ ಮೇವನ್ನು ಮೈತೂಕದ ಶೇ 1.5ಕ್ಕೆ ಇಳಿಸಿ, ಇದೂ ಒಣ ಅಂಶದ ಲೆಕ್ಕವೇ. 250 ಕೆಜಿ ಪೋನಿಗೆ ಸುಮಾರು 4.4 ಕೆಜಿ ಒಣಹುಲ್ಲು ಆಯಿತು. ಇದಕ್ಕಿಂತ ಕೆಳಗೆ ಡಾಕ್ಟರ ಮಾತಿಲ್ಲದೆ ಹೋಗಬೇಡಿ. ಉಪವಾಸ ಕೆಡವುವುದಂತೂ ಎಂದಿಗೂ ಬೇಡ, ಮೇಲೆ ಹೇಳಿದ ಹೈಪರ್‌ಲಿಪೀಮಿಯಾ ದಪ್ಪ ಪೋನಿಗೇ ಮೊದಲು ಬರುವುದು.

ಕಡಿಮೆ ಮೇವು ಬೇಗ ಮುಗಿಯುತ್ತದೆ, ಹೊಟ್ಟೆ ಖಾಲಿ ಉಳಿಯುತ್ತದೆ. ಪೋನಿಯ ಹೊಟ್ಟೆಯಲ್ಲಿ ಆಮ್ಲ ಸದಾ ಊರುತ್ತಲೇ ಇರುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಮೇವಿಲ್ಲದೆ ಬಿಟ್ಟರೆ ಹುಣ್ಣಿಗೆ ದಾರಿ. ಹಾಗಾಗಿ ಅದೇ ತೂಕವನ್ನು ಮೂರು ನಾಲ್ಕು ಪಾಲು ಮಾಡಿ, ಸಣ್ಣ ಕಣ್ಣಿನ ಬಲೆಯಲ್ಲಿ ಹಾಕಿ. ರಾತ್ರಿಯ ಪಾಲು ದೊಡ್ಡದಿರಲಿ.

ಹುಲ್ಲನ್ನು ನೀರಲ್ಲಿ ನೆನೆಸಿದರೆ ಸಕ್ಕರೆ ಕರಗಿ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ಹುಲ್ಲಿನಿಂದ ಹುಲ್ಲಿಗೆ ಬೇರೆ, ಹಾಗಾಗಿ ನೆನೆಸಿದ ಮಾತ್ರಕ್ಕೆ ಎಲ್ಲ ಹುಲ್ಲೂ ಸುರಕ್ಷಿತ ಅಂತ ನಂಬಬೇಡಿ. ಒಣಗಿದ್ದಾಗಲೇ ತೂಗಿ, ಆಮೇಲೆ ನೆನೆಸಿ. ನೆನೆಸಿದ ನೀರನ್ನು ಪೋನಿಗೆ ಎಟುಕದಲ್ಲಿ ಚೆಲ್ಲಿ. ನೆನೆಸಿದ ಹುಲ್ಲಿನಲ್ಲಿ ಖನಿಜವೂ ಕಡಿಮೆಯಾಗುತ್ತದೆ, ಹಾಗಾಗಿ ಖನಿಜ ಮಿಶ್ರಣ ಜೊತೆಗಿರಲಿ. ಹಬೆಯಲ್ಲಿ ಬೇಯಿಸುವ ಸ್ಟೀಮರ್ ಧೂಳಿಗೆ ಒಳ್ಳೆಯದು, ಸಕ್ಕರೆಗೆ ಅಲ್ಲ. ಈ ಎರಡನ್ನೂ ಕಲಸಿಕೊಳ್ಳುವವರು ಬಹಳ. ಲ್ಯಾಮಿನೈಟಿಸ್ ಬಂದು ಹೋದ ಪೋನಿಗೆ ಹುಲ್ಲಿನ ಸಕ್ಕರೆ ಪರೀಕ್ಷೆ ಮಾಡಿಸಿಯೇ ಕೊಳ್ಳಿ. ಸಕ್ಕರೆ, ಪಿಷ್ಟ ಎರಡೂ ಸೇರಿ ಶೇ 10ರೊಳಗೆ ಇರಲಿ.

ಲಕ್ಷಣ: ಹೊಸ ಹುಲ್ಲನ್ನು ಮೂಸಿ ಬಿಟ್ಟುಬಿಡುತ್ತದೆ

ಪೋನಿಯ ಮೂಗನ್ನು ನಂಬಿ. ಬೇಲ್ ಮಧ್ಯದಿಂದ ಒಂದು ಹಿಡಿ ತೆಗೆದು ನೀವೂ ಮೂಸಿ. ಒಳ್ಳೆಯ ಒಣಹುಲ್ಲು ಸಿಹಿಯಾಗಿ, ಹಿತವಾಗಿ ಘಮಿಸುತ್ತದೆ. ಮುಗ್ಗಲು ವಾಸನೆ, ಬಿಳಿ ಬೂದು ಪುಡಿ, ಅಂಟಿಕೊಂಡ ಪದರ ಇದ್ದರೆ ಬೂಷ್ಟು. ಅಷ್ಟು ಭಾಗ ಕಿತ್ತು ಹಾಕಿ ಉಳಿದದ್ದು ತಿನ್ನಿಸುವ ಉಳಿತಾಯ ಬೇಡ, ಬೇಲ್ ಪೂರ್ತಿ ಬಿಡಿ.

ವಾಸನೆ ಚೆನ್ನಾಗಿದ್ದು, ಪೋನಿ ಬೇರೆ ಮೇವು ಗಬಗಬ ತಿನ್ನುತ್ತಿದ್ದರೆ ಹುಲ್ಲನ್ನು ಹರಡಿ ಕಳೆ ಹುಡುಕಿ. ಹಳದಿ ಹೂವಿನ ರಾಗ್‌ವರ್ಟ್ ಅತಿ ಕೆಟ್ಟದ್ದು. ಹಸಿಯಿದ್ದಾಗ ಕಹಿ, ಪೋನಿ ಮುಟ್ಟುವುದಿಲ್ಲ. ಒಣಗಿದರೆ ಕಹಿ ಹೋಗುತ್ತದೆ, ವಿಷ ಹೋಗುವುದಿಲ್ಲ. ಯಕೃತ್ತನ್ನು ಮೆಲ್ಲಗೆ ತಿನ್ನುತ್ತದೆ, ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಹುಲ್ಲಿನಲ್ಲಿ ಅದರ ಒಂದು ಕಡ್ಡಿ ಸಿಕ್ಕರೂ ಆ ಲೋಡು ವಾಪಸ್. ಹುಡುಕುವಾಗ ಗ್ಲೌಸು ಹಾಕಿಕೊಳ್ಳಿ.

ಬೂಷ್ಟೂ ಇಲ್ಲ, ಕಳೆಯೂ ಇಲ್ಲ ಅಂದರೆ ಬಹುಶಃ ಬದಲಾವಣೆ ಹಿಡಿಸಿಲ್ಲ ಅಷ್ಟೇ. ಹಳೆಯದರ ಜೊತೆ ಬೆರೆಸಿ ಹಾಕಿ. ಎಲ್ಲ ಮೇವನ್ನೂ ಬಿಡುತ್ತಿದ್ದರೆ ಮಾತ್ರ ಅದು ಹುಲ್ಲಿನ ದೋಷವಲ್ಲ, ಮೊದಲ ಪಟ್ಟಿಗೆ ವಾಪಸ್ ಹೋಗಿ.

ಲಕ್ಷಣ: ತಿನ್ನುವಾಗ ಕೆಮ್ಮು

ಒಂದು ಹಿಡಿ ಹುಲ್ಲನ್ನು ಬಿಸಿಲಿಗೆ ಅಡ್ಡ ಹಿಡಿದು ಕೊಡವಿ. ಹೊಗೆಯಂತೆ ಧೂಳೆದ್ದರೆ ಉತ್ತರ ಅಲ್ಲೇ ಇದೆ. ಬೂಷ್ಟಿನ ಕಣ ಶ್ವಾಸಕೋಶಕ್ಕೆ ಇಳಿದು ಪೋನಿಗಳಿಗೂ ಅಸ್ತಮಾ ಬರುತ್ತದೆ. ಕಣ್ಣಿಗೆ ಒಳ್ಳೆಯದಾಗಿ ಕಾಣುವ ಹುಲ್ಲಿನಲ್ಲೂ ಇಂಥ ಕಣ ಇದ್ದೇ ಇರುತ್ತವೆ.

ಹತ್ತಿಪ್ಪತ್ತು ನಿಮಿಷ ನೆನೆಸಿ, ಒದ್ದೆಯಿರುವಾಗಲೇ ಹಾಕಿ. ಒಣಗಿದರೆ ಧೂಳು ಮತ್ತೆ ಏಳುತ್ತದೆ. ಲಾಯದಲ್ಲಿ ಗುಡಿಸುವಾಗ, ಹಾಸು ಬದಲಿಸುವಾಗ ಪೋನಿ ಹೊರಗಿರಲಿ. ಹುಲ್ಲಿನ ದಾಸ್ತಾನು ಲಾಯದ ಅಟ್ಟದ ಮೇಲಿದ್ದರೆ ಅದನ್ನು ಬೇರೆಡೆ ಸಾಗಿಸಿ. ಜ್ವರ, ಮೂಗಿನಿಂದ ದಪ್ಪ ಸಿಂಬಳ, ಸುಮ್ಮನೆ ನಿಂತಾಗಲೂ ಏದುಸಿರು ಇದ್ದರೆ ಮನೆಮದ್ದು ಸಾಕು ಮಾಡಿ. ಜ್ವರ ಇದ್ದರೆ ಅಂಟುರೋಗ ಇರಬಹುದು, ಬೇರೆ ಪೋನಿಗಳಿಂದ ದೂರ ಕಟ್ಟಿ.

ಲಕ್ಷಣ: ಬೇಲ್ ಒಳಗೆ ಕೈ ಹಾಕಿದರೆ ಬಿಸಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹುಲ್ಲು ತಾನಾಗಿ ಹೊತ್ತಿಕೊಳ್ಳುತ್ತದೆ. ಸರಿಯಾಗಿ ಒಣಗದೆ, ನೀರಿನಂಶ ಶೇ 20 ದಾಟಿ ಕಟ್ಟಿದ ಬೇಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಶಾಖ ಏರುತ್ತದೆ. ಕಟ್ಟಿದ ಮೊದಲ ಆರು ವಾರ ಅಪಾಯದ ಕಾಲ. ಕಾಸಿದ ಸಕ್ಕರೆ ಅಥವಾ ತಂಬಾಕಿನ ವಾಸನೆ, ಮೇಲೆ ಆವಿ, ಬಣವೆಯ ನೆತ್ತಿ ಒಂದು ಕಡೆ ಕುಸಿದಿರುವುದು ಇದರ ಗುರುತು.

ಕಡ್ಡಿ ಥರ್ಮಾಮೀಟರನ್ನು ಬಣವೆಯ ನಡುವಿಗೆ ತೂರಿಸಿ. 50 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ದಿನಕ್ಕೊಮ್ಮೆ ನೋಡುತ್ತಿರಿ. 55 ದಾಟಿದರೆ ದಿನಕ್ಕೆ ಎರಡು ಸಲ. 65 ಮುಟ್ಟಿತು ಅಂದರೆ ಅಪಾಯ ಶುರು. ಪ್ರಾಣಿಗಳನ್ನು ಹತ್ತಿರದ ಲಾಯದಿಂದ ಹೊರಗೆ ತನ್ನಿ, ಅಗ್ನಿಶಾಮಕದವರಿಗೆ ವಿಷಯ ತಿಳಿಸಿ, ಅವರ ಸಲಹೆ ಕೇಳಿ. 80 ಡಿಗ್ರಿ ಕಂಡರೆ ಬೇಲ್ ಮುಟ್ಟಲೇಬೇಡಿ. ಎಳೆದ ತಕ್ಷಣ ಒಳಗೆ ಗಾಳಿ ಹೋಗಿ ಭಗ್ಗನೆ ಹೊತ್ತಿಕೊಳ್ಳಬಹುದು, ಅವರು ಬಂದ ಮೇಲೆ ಅವರೇ ಎಳೆಯಲಿ. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳು ತೂರಿಸಿ ಕಾಲು ಗಂಟೆ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಅಪಾಯ ಅಂತಲೇ ತಿಳಿಯಿರಿ.

ಬಿಸಿಯಾದ ಬಣವೆ ಹತ್ತಬೇಡಿ. ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕಾಲು ಕುಸಿಯುತ್ತದೆ. ಒಬ್ಬರೇ ಹೋಗಲೂ ಬೇಡಿ.

ಲಕ್ಷಣ: ಹೇಲೇಜ್ ಬೇಲಿನ ಪ್ಲಾಸ್ಟಿಕ್ ಹರಿದಿದೆ

ಈಗಷ್ಟೇ ನಿಮ್ಮ ಕಣ್ಣೆದುರೇ ಹರಿದದ್ದಾದರೆ ಟೇಪು ಹಚ್ಚಿ, ಬೇಗ ಬಳಸಿ. ಯಾವಾಗ ಹರಿಯಿತೋ ಗೊತ್ತಿಲ್ಲ, ಒಳಗೆ ಬೂಷ್ಟು ಇದೆ, ಕೊಳೆತ ಅಥವಾ ಅಮೋನಿಯಾ ವಾಸನೆ ಇದೆ, ಸತ್ತ ಇಲಿ ಹೆಗ್ಗಣ ಸಿಕ್ಕಿತು ಅಂದರೆ ಬೇಲ್ ಪೂರ್ತಿ ಎಸೆಯಿರಿ. ಸತ್ತ ಪ್ರಾಣಿಯಿಂದಲೂ ಮಣ್ಣಿನಿಂದಲೂ ಬಾಟುಲಿಸಂ ಬರಬಹುದು. ಬಿಚ್ಚಿದ ಬೇಲ್ ಚಳಿಯಲ್ಲೂ ನಾಲ್ಕೈದು ದಿನದೊಳಗೆ ಮುಗಿಯಬೇಕು. ಒಂದೇ ಪೋನಿ ಇರುವವರಿಗೆ ದೊಡ್ಡ ಹೇಲೇಜ್ ಬೇಲ್ ಸರಿಹೋಗದಿರುವುದು ಇದಕ್ಕೇ. ಐದು ದಿನದಲ್ಲಿ ಅದು ತಿನ್ನುವುದು 40 ಕೆಜಿ, ಬೇಲ್ ಇರುವುದು ಇನ್ನೂರು ಮುನ್ನೂರು ಕೆಜಿ.

ಲಕ್ಷಣ: ಲದ್ದಿ ಬದಲಾಗಿದೆ

ಗಟ್ಟಿ, ಒಣ, ಸಣ್ಣ ಉಂಡೆಗಳಾದರೆ ನೀರಿನ ತೊಟ್ಟಿ ನೋಡಿ. ಹಸಿ ಹುಲ್ಲು ಮೇಯುವಾಗ ನೀರು ಮೇವಿನಲ್ಲೇ ಸಿಗುತ್ತದೆ. ಒಣಹುಲ್ಲಿಗೆ ಬಂದಾಗ 250 ಕೆಜಿ ಪೋನಿ ದಿನಕ್ಕೆ 10ರಿಂದ 15 ಲೀಟರ್ ಕುಡಿಯಬೇಕು. ತೊಟ್ಟಿ ಹೆಪ್ಪುಗಟ್ಟಿದ್ದರೆ, ಇಲ್ಲವೇ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಕುಡಿಯುವುದು ತಗ್ಗುತ್ತದೆ, ಕರುಳಲ್ಲಿ ಮೇವು ಗಟ್ಟಿಕಟ್ಟುತ್ತದೆ. ನೀರನ್ನು ಬೆಚ್ಚಗೆ ಮಾಡಿದಾಗ ಪೋನಿಗಳು ಸುಮಾರು ಶೇ 40 ಹೆಚ್ಚು ಕುಡಿದದ್ದು ಪ್ರಯೋಗದಲ್ಲಿ ಕಂಡಿದೆ. ಹಿಮ ತಿನ್ನುತ್ತದೆ ಬಿಡಿ ಅನ್ನುವುದು ತಪ್ಪು ಧೈರ್ಯ.

ಸಡಿಲ ಲದ್ದಿಗೆ ಮೊದಲ ಪ್ರಶ್ನೆ: ಕಳೆದ ಹತ್ತು ದಿನದಲ್ಲಿ ಮೇವು ಬದಲಿಸಿದ್ರಾ? ಕರುಳಿನ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ಸಮಯ ಬೇಕು. ಹೇಲೇಜ್‌ಗೆ ಬದಲಾಯಿಸಿದಾಗ ಇದು ಜಾಸ್ತಿ. ಮತ್ತೆ ಹಳೆಯದಕ್ಕೆ ಹೋಗಿ ನಿಧಾನಕ್ಕೆ ಬೆರೆಸಿ. ನೀರಿನಂತೆ ಭೇದಿ, ಜ್ವರ, ಅಥವಾ ಚಳಿಗಾಲದ ಕೊನೆಯಲ್ಲಿ ಭೇದಿಯ ಜೊತೆ ಸರ್ರನೆ ತೂಕ ಇಳಿದರೆ ಅಂದೇ ಡಾಕ್ಟರು. ಕರುಳ ಗೋಡೆಯಲ್ಲಿ ಅಡಗಿದ್ದ ಹುಳದ ಮರಿಗಳು ಒಮ್ಮೆಲೇ ಹೊರಬಿದ್ದಾಗ ಹೀಗಾಗುತ್ತದೆ, ಪ್ರಾಣಕ್ಕೆ ಅಪಾಯ.

ಲಕ್ಷಣ: ಲೆಕ್ಕ ಹಾಕಿದರೆ ಚಳಿಗಾಲದ ಕೊನೆವರೆಗೆ ಸಾಲುವುದಿಲ್ಲ

ಉಳಿದ ಕೆಜಿಯನ್ನು ದಿನದ ಕೆಜಿಯಿಂದ ಭಾಗಿಸಿ. ಇದನ್ನು ತಿಂಗಳಿಗೊಮ್ಮೆ ಮಾಡಿದರೆ ಕೊರತೆ ಎರಡು ತಿಂಗಳು ಮುಂಚೆಯೇ ಕಾಣುತ್ತದೆ. ಆಗ ಕೊಳ್ಳಲು, ಬದಲಿ ಹುಡುಕಲು ವ್ಯವಧಾನ ಇರುತ್ತದೆ. ಕೊನೆ ವಾರದಲ್ಲಿ ಸಿಕ್ಕಿದ್ದೇ ಹುಲ್ಲು ಅಂತ ತರುವವರ ಮನೆಗೇ ಬೂಷ್ಟು ಹಿಡಿದ ಲೋಡು ಬರುವುದು.

ಮೊದಲು ನಷ್ಟ ತಗ್ಗಿಸಿ, ಅದು ಬಿಟ್ಟಿ ಮೇವು. ಆಮೇಲೆ ಕಾಳು ಬಿಡಿಸಿದ ಒಳ್ಳೆಯ ಓಟ್ಸ್ ಹುಲ್ಲನ್ನು (ಸ್ಟ್ರಾ) ಒಟ್ಟು ಮೇವಿನ ಶೇ 30ರವರೆಗೆ ನಿಧಾನಕ್ಕೆ ಸೇರಿಸಬಹುದು. ದಪ್ಪ ಪೋನಿಗೆ ಇದು ಹೇಳಿ ಮಾಡಿಸಿದ್ದು. ಹಲ್ಲು ಸರಿಯಿಲ್ಲದ್ದಕ್ಕೆ, ಹಿಂದೆ ಕರುಳು ಕಟ್ಟಿದ್ದಕ್ಕೆ ಬೇಡ. ವಯಸ್ಸಾದ, ಹಲ್ಲು ಸವೆದ ಪೋನಿಗೆ ಬೆಲ್ಲ ಬೆರೆಸದ ಸಕ್ಕರೆ ಬೀಟಿನ ತಿರುಳು ಅಥವಾ ಹುಲ್ಲಿನ ಪೆಲೆಟ್ ಚೆನ್ನಾಗಿ ನೆನೆಸಿ ಹಾಕಿ. ಒಣದನ್ನು ಹಾಕಿದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ಕುದುರೆ ಮೆಂತೆ ಸತ್ವದ ಮೇವು, ಬಡಕಲಿಗೆ ಸರಿ, ದಪ್ಪಗಿನದಕ್ಕೆ ಬೇಡ. ಲಾನ್ ಕತ್ತರಿಸಿದ ಹುಲ್ಲನ್ನು ಯಾರಾದರೂ ಬುಟ್ಟಿಯಲ್ಲಿ ತಂದುಕೊಟ್ಟರೆ ನಯವಾಗಿ ಬೇಡ ಅನ್ನಿ. ರಾಶಿಯಲ್ಲಿ ಹುಳಿದು ಹೊಟ್ಟೆ ಕೆಡಿಸುತ್ತದೆ. ದನಗಳ ಸೈಲೇಜ್ (ಹುಳಿಸಿದ ಹಸಿಮೇವು) ಕೂಡ ಪೋನಿಗಲ್ಲ.

ಹೊಸ ಲೋಡು ಬಂದ ದಿನ ಹಳೆಯದು ಪೂರ್ತಿ ಮುಗಿದಿರಬಾರದು. ಮೊದಲೆರಡು ದಿನ ಕಾಲು ಪಾಲು ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಹತ್ತು ದಿನ ಎಳೆಯಬೇಕು. ಅಷ್ಟಕ್ಕೆ ಹಳೆಯ ಹುಲ್ಲು ಸರಾಸರಿ ಅರ್ಧದಷ್ಟು ಬೇಕು. ದಿನಕ್ಕೆ 6.5 ಕೆಜಿ ತಿನ್ನುವ ಪೋನಿಗೆ 33 ಕೆಜಿ, ಅಂದರೆ 16 ಕೆಜಿಯ ಎರಡು ಬೇಲಿಗಿಂತ ತುಸು ಜಾಸ್ತಿ. ಲಾರಿ ಹೇಳಿದ ದಿನಕ್ಕೆ ಬರುವುದಿಲ್ಲ ಅಂತ ಇಟ್ಟುಕೊಂಡು ಪ್ರತಿ ಪೋನಿಗೆ ನಾಲ್ಕು ಬೇಲ್ ಬೇರೆ ಮೂಲೆಯಲ್ಲಿ ಜೋಡಿಸಿ, ಚೀಟಿ ಅಂಟಿಸಿ, ಬೆಳಗಿನ ಮೇವು ಹಾಕುವ ಎಲ್ಲರಿಗೂ ಹೇಳಿಬಿಡಿ.